ಕೇಳಿ ಹಾಕಿದ ಸಕ್ಕರೆ

ಶರ್ಟ್ ಫ್ಯಾಕ್ಟರಿಯಲ್ಲಿ ಕಾಲರ್ ಹೊಲಿಯುತ್ತಾಳೆಂದು ಅವಳನ್ನು ಎಲ್ಲರೂ ಕಾಲರಕ್ಕ ಎನ್ನುತ್ತಿದ್ದರು. ಐವತ್ತು ದಾಟಿದವಳು, ಮದುವೆಯೇ ಬೇಡವೆಂದವಳು, ಅಮ್ಮ ಹೋದ ಮೇಲೆ ಅಣ್ಣನ ಮನೆಯಲ್ಲಿದ್ದಳು. ಅಣ್ಣನದು ಟೈರಿನ ಅಂಗಡಿ. ಕೆಟ್ಟವನೇನಲ್ಲ, ಸುಳ್ಳು ಯಾಕೆ ಹೇಳಬೇಕು. ಆದರೆ ಫ್ಯಾನು ಎಷ್ಟು ಜೋರಾಗಿ ತಿರುಗಬೇಕು ಎಂಬುದರಿಂದ ಹಿಡಿದು ತಂಗಿಯ ಕನ್ನಡಕದ ಫ್ರೇಮಿನ ಬಣ್ಣದವರೆಗೆ ಎಲ್ಲವನ್ನೂ ಅವನೇ ತೀರ್ಮಾನಿಸಬೇಕು. ಯಾರನ್ನಾದರೂ ಒಂದು ಮಾತು ಕೇಳಿದ್ದರೆ ಅವನ ಗಂಟೇನು ಹೋಗುತ್ತಿತ್ತೋ!

ಒಂದು ದಿನ ಕಾಲರಕ್ಕ ಪಕ್ಕದ ಬೀದಿಯ ಇಸ್ತ್ರಿ ಅಂಗಡಿಯ ಮೇಲಿನ ಕೋಣೆ ನೋಡಿ ಬಂದಳು. ಒಂದು ಕಿಟಕಿ, ಒಂದು ನಲ್ಲಿ, ಒಲೆ ಇಡುವಷ್ಟು ಕಟ್ಟೆ. ಬೇಕೇ ಬೇಕು ಅನ್ನಿಸಿತು. ಇಸ್ತ್ರಿಯವನು ತಲೆ ಕೆರೆದುಕೊಂಡ.

"ಒಂಟಿ ಹೆಂಗಸಿಗೆ ಕೊಡೋಕೆ ಹಿಂದೆ ಮುಂದೆ ನೋಡ್ಬೇಕಾಗುತ್ತಕ್ಕ. ನಿಮ್ಮ ಮನೆಯವರು ಯಾರಾದ್ರೂ ಬಂದು ಒಂದು ಮಾತು ಹೇಳ್ಲಿ. ಭಾನುವಾರ ಸಂಜೆವರೆಗೂ ಕಾಯ್ತೀನಿ, ಆಮೇಲೆ ಬೇರೆಯವ್ರಿಗೆ ಕೊಟ್ಬಿಡ್ತೀನಿ."

ಮನೆಯಲ್ಲಿ ಹೇಳಿದ್ದೇ ತಡ, ಅಣ್ಣ ಮನೆಯನ್ನೇ ತಲೆಯ ಮೇಲೆ ಹೊತ್ತುಕೊಂಡ. "ನಾನೇನು ಸತ್ತು ಹೋಗಿದ್ದೀನಾ? ಜನ ಏನಂತಾರೆ?" ಭಾನುವಾರ ಮಧ್ಯಾಹ್ನ ಬುದ್ಧಿ ಹೇಳಿಸಲೆಂದು ಚಿಕ್ಕಪ್ಪನನ್ನೂ ಕರೆಸಿದ.

ಭಾನುವಾರದ ಕಾಫಿ ಯಾವಾಗಲೂ ಕಾಲರಕ್ಕನದು. ಆ ಮನೆಯದು ಟರ್ಕಿಶ್ ಕಾಫಿ. ಹಾಲಿಲ್ಲ, ಸೋಸುವುದೂ ಇಲ್ಲ. ಪುಡಿ ಮುಖಕ್ಕೆ ಹಚ್ಚುವ ಪೌಡರಿನಷ್ಟು ನುಣ್ಣಗಿರಬೇಕು. ಉದ್ದ ಹಿಡಿಯ ಪುಟ್ಟ ತಾಮ್ರದ ಪಾತ್ರೆಗೆ ತಣ್ಣೀರು, ಪುಡಿ, ಸಕ್ಕರೆ ಮೂರನ್ನೂ ಒಲೆಗೆ ಇಡುವ ಮೊದಲೇ ಹಾಕಿ ಕಲಕಬೇಕು. ಕಪ್ಪಿಗೆ ಸುರಿದ ಮೇಲೆ ಸಕ್ಕರೆ ಸಾಲದೆಂದು ಚಮಚ ಆಡಿಸಿದಿರೋ, ತಳದ ಚರಟವೆಲ್ಲ ಮೇಲೆದ್ದು ಬಾಯಿಗೆ ಮಣ್ಣು ಬಿದ್ದ ಹಾಗಾಗುತ್ತದೆ. ಹಾಗಾಗಿ ಒಂದು ಪಾತ್ರೆಗೆ ಒಂದೇ ಸಿಹಿ. ಇಷ್ಟು ವರ್ಷವೂ ಅದು ಅಣ್ಣನ ಸಿಹಿ, ಇರುವೆ ಮುತ್ತುವಂಥ ಸಿಹಿ. ಕಾಲರಕ್ಕ ತನಗೆ ಸೇರದಿದ್ದರೂ ಕಣ್ಣು ಮುಚ್ಚಿ ನುಂಗಿದ್ದಳು.

ಅವತ್ತು ಪಾತ್ರೆಗೆ ನೀರು ಹಾಕಿದವಳು ಸಕ್ಕರೆ ಡಬ್ಬಿ ಹಿಡಿದು ಅಡುಗೆಮನೆಯ ಬಾಗಿಲಿಗೆ ಬಂದು ನಿಂತಳು.

"ಯಾರ್ಯಾರಿಗೆ ಸಕ್ಕರೆ ಎಷ್ಟು?"

ಅಣ್ಣನಿಗೆ ಅರ್ಥವೇ ಆಗಲಿಲ್ಲ. "ಇದೇನೇ ಹೊಸದು? ಎಲ್ಲರಿಗೂ ಎಂದಿನ ಹಾಗೆ ಹಾಕು."

"ನಿನ್ನದು ಗೊತ್ತು. ಮಿಕ್ಕವರನ್ನ ಕೇಳ್ತಿದ್ದೀನಿ."

ಚಿಕ್ಕಪ್ಪ ಕೆಮ್ಮಿದರು. ಅಷ್ಟರಲ್ಲಿ ಗೋಡೆಗೆ ಒರಗಿ ಕೂತಿದ್ದ ಅತ್ತಿಗೆ, ಗಂಡನೆದುರು ತುಟಿ ಪಿಟಕ್ಕೆನ್ನದ ಅತ್ತಿಗೆ, ಬಾಯಿಬಿಟ್ಟರು.

"ನನಗೆ ಸಕ್ಕರೆನೇ ಬೇಡ."

ಅಣ್ಣ ತಿರುಗಿ ನೋಡಿದ. "ನಿನಗೆ ಸಕ್ಕರೆ ಬೇಡ್ವಾ? ಯಾವಾಗಿಂದ?"

"ಮದುವೆ ಆದಾಗಿಂದ."

ಚಿಕ್ಕಪ್ಪನಿಗೆ ನಗು ತಡೆಯಲಾಗಲಿಲ್ಲ. "ಹಾಗಾದ್ರೆ ನನಗೂ ಕಮ್ಮಿ ಹಾಕಮ್ಮ, ಯಾರೂ ಕೇಳಿರಲಿಲ್ಲ ನೋಡು" ಎಂದರು. ಅಣ್ಣನ ಮುಖ ಸಣ್ಣದಾಯಿತು.

ಕಾಲರಕ್ಕ ಒಂದೊಂದೇ ಕಪ್ ಬೇರೆ ಬೇರೆ ಮಾಡಿದಳು. ಸಣ್ಣ ಉರಿ. ನೊರೆ ಅಂಚಿನಿಂದ ನಿಧಾನಕ್ಕೆ ಏರಿ ನಡುವೆ ಕೂಡಿಕೊಳ್ಳುವ ಹೊತ್ತಿಗೆ, ಕುದಿಯುವ ಮುಂಚೆ, ಪಾತ್ರೆ ಎತ್ತಬೇಕು. ಕುದಿ ಬಂತೋ, ನೊರೆ ಒಡೆದು ಕಷಾಯವಾಯಿತು. ಮೊದಲು ಅತ್ತಿಗೆಯದು, ಆಮೇಲೆ ಚಿಕ್ಕಪ್ಪನದು, ಆಮೇಲೆ ತನ್ನದು. "ಉರಿ ಜಾಸ್ತಿ ಮಾಡೇ!" ಎಂದು ಹೊರಗಿನಿಂದ ಅಣ್ಣ ಕೂಗಿದ. ಅವಳು ಜಗ್ಗಲಿಲ್ಲ. ಆ ಮನೆಯ ಯಜಮಾನನಿಗೆ ಕಾಫಿ ಕೊನೆಯಲ್ಲಿ ಬಂತು, ಸರಿಯಾಗಿ ಅವನ ಸಿಹಿಯಲ್ಲೇ ಬಂತು.

ಚರಟ ತಳ ಹಿಡಿಯಲೆಂದು ಎಲ್ಲರೂ ಕಾಯುತ್ತಿದ್ದಾಗ ಚಿಕ್ಕಪ್ಪ ಬಂದ ಕೆಲಸ ಶುರುಮಾಡಿದರು.

"ಇಲ್ಲಿ ನಿನಗೇನಮ್ಮ ಕಮ್ಮಿಯಾಗಿದೆ?"

"ಊಟಕ್ಕೆ ಕಮ್ಮಿಯಿಲ್ಲ, ಬಟ್ಟೆಗೆ ಕಮ್ಮಿಯಿಲ್ಲ ಚಿಕ್ಕಪ್ಪ. ನಿನಗೇನು ಬೇಕು ಅಂತ ಕೇಳೋರಿಲ್ಲ. ಐವತ್ತಾಯ್ತು. ಇನ್ನು ನಾನೇ ನನ್ನನ್ನ ಕೇಳಿಕೊಂಡು ಬದುಕ್ತೀನಿ. ನನಗೆ ಯಾರ ಮೇಲೂ ಸಿಟ್ಟಿಲ್ಲ, ಆದ್ರೆ ಇಲ್ಲಿದ್ರೆ ಉಸಿರು ಕಟ್ಟುತ್ತೆ."

ಅಣ್ಣ ಕಪ್ ಕುಕ್ಕಿದ. "ಹೋಗು! ಆದ್ರೆ ನಾನು ಬಂದು ಅವನ ಹತ್ತಿರ ಮಾತಾಡಲ್ಲ. ಚಿಕ್ಕಪ್ಪನೂ ಬರಲ್ಲ. ಯಾರು ಬೀಗದ ಕೈ ಕೊಡ್ತಾರೋ ನಾನೂ ನೋಡ್ತೀನಿ."

ಕಾಲರಕ್ಕ ಚಿಕ್ಕಪ್ಪನ ಮುಖ ನೋಡಿದಳು. ಚಿಕ್ಕಪ್ಪ ಕಪ್ಪಿನೊಳಗೆ ನೋಡಿದರು. ಹೊತ್ತು ಇಳಿಯುತ್ತಿತ್ತು. ಆದರೂ ಒಬ್ಬಳೇ ಹೋಗಿ ಕೇಳೋಣ, ಇಲ್ಲವೆಂದರೆ ಮತ್ತೊಂದು ಕೋಣೆ ಹುಡುಕೋಣ ಎಂದು ಎದ್ದಳು.

ಬಾಗಿಲಲ್ಲಿ ಆಗಲೇ ಅತ್ತಿಗೆ ಚಪ್ಪಲಿ ಮೆಟ್ಟಿಕೊಳ್ಳುತ್ತಿದ್ದರು.

"ನೀನೆಲ್ಲಿಗೆ?" ಅಣ್ಣ ಗುಡುಗಿದ.

"ಇಸ್ತ್ರಿ ಅಂಗಡಿಗೆ" ಎಂದರು ಅತ್ತಿಗೆ, ಮನೆಯೊಳಗೆ ತಿರುಗಿಯೂ ನೋಡದೆ.

ಇಸ್ತ್ರಿಯವನು ಇಬ್ಬರನ್ನೂ ನೋಡಿದ, ಅವರ ಬೆನ್ನ ಹಿಂದಿನ ಬೀದಿಯನ್ನೂ ನೋಡಿದ.

"ಗಂಡಸರು ಹಿಂದೆ ಬರ್ತಿದ್ದಾರಾ ಅಮ್ಮ?"

"ಯಾರೂ ಬರ್ತಿಲ್ಲಪ್ಪ. ಇಷ್ಟು ವರ್ಷ ಇವಳ ಜೊತೆ ಅಡುಗೆಮನೇಲಿ ನಿಂತಿದ್ದು ನಾನು. ಜ್ವರ ಬಂದಾಗ ಪಕ್ಕದಲ್ಲಿ ಕೂತಿದ್ದು ನಾನು. ಇವಳು ಎಂಥವಳು ಅಂತ ಮನೇಲಿ ಗೊತ್ತಿರೋದು ನನಗೊಬ್ಬಳಿಗೆ. ಏನು ಕೇಳ್ಬೇಕೋ ನನ್ನನ್ನ ಕೇಳು."

ಅವನು ಇಸ್ತ್ರಿಪೆಟ್ಟಿಗೆ ಪಕ್ಕಕ್ಕಿಟ್ಟು, ಮೊಳೆಗೆ ತಗುಲಿಹಾಕಿದ್ದ ಎರಡು ಬೀಗದ ಕೈ ತೆಗೆದುಕೊಟ್ಟ.

ಮೆಟ್ಟಿಲು ಹತ್ತಿ ಬಾಗಿಲು ತೆರೆದಾಗ ಅತ್ತಿಗೆ ಕೋಣೆಯನ್ನು ಈ ಗೋಡೆಯಿಂದ ಆ ಗೋಡೆಗೆ ನಡೆದು ನೋಡಿದರು. ಕಿಟಕಿ ತೆಗೆದು ಮುಚ್ಚಿದರು.

"ಇಬ್ಬರು ಮಲಗಬಹುದಲ್ಲೇ ಇಲ್ಲಿ" ಎಂದರು.

ಕಾಲರಕ್ಕ ಒಂದು ಬೀಗದ ಕೈಯನ್ನು ಅವರ ಅಂಗೈಯಲ್ಲಿಟ್ಟು ಬೆರಳು ಮಡಚಿದಳು. ಅತ್ತಿಗೆ ಬೇಡವೆನ್ನಲಿಲ್ಲ. ಅದನ್ನು ಬಚ್ಚಿಡಲೂ ಇಲ್ಲ. ದೀಪ ಹತ್ತಿದ ಬೀದಿಯಲ್ಲಿ, ಗಂಡನ ಕಣ್ಣಿಗೆ ಬೀಳುವ ಹಾಗೆ ಬೆರಳಿಗೆ ಸಿಕ್ಕಿಸಿಕೊಂಡು, ಮನೆಯ ಕಡೆ ನಡೆದರು.