ಕಾರಿನ ನಂದಾದೀಪ

ಆಯುಧ ಪೂಜೆಯ ಸಂಜೆ. ಕಾರಿನ ಮೂತಿಗೆ ಚೆಂಡುಹೂವಿನ ಹಾರ ಕಟ್ಟಿ, ಮಂಗಳಾರತಿ ಮುಗಿಸಿ, ಕೈಗೆ ಮೆತ್ತಿದ ಕುಂಕುಮವನ್ನು ಧೋತರದ ಅಂಚಿಗೆ ಒರೆಸಿಕೊಳ್ಳುತ್ತಿದ್ದೆ. ಫೋನ್ ಬಂತು. ಲಿಂಗಸುಗೂರಿನಿಂದ ಅಣ್ಣ. ಆರೋಗ್ಯ, ಮಳೆ, ಮೊಮ್ಮಕ್ಕಳು, ಯಾವ ವಿಚಾರಣೆಯೂ ಇಲ್ಲ. ನೇರ ಪ್ರಶ್ನೆ.

"ಲೇ ತಮ್ಮಾ, ಗಾಡಿ ದೀಪ ಶಾಂತ ಮಾಡೀಯೇನು?"

ಪ್ರತಿವರ್ಷ ಇದೇ ಸಂಜೆ ಇದೇ ಪ್ರಶ್ನೆ. ನಾನು ಏನು ಉತ್ತರ ಕೊಟ್ಟೆ ಎಂಬುದನ್ನು ಆಮೇಲೆ ಹೇಳುತ್ತೇನೆ. ಅದಕ್ಕೂ ಮೊದಲು ನನ್ನ ದಡ್ಡತನದ ಕಥೆ ನೀವು ಕೇಳಬೇಕು. ಸಿಂಧನೂರಿನಲ್ಲಿ ಇಡೀ ನೌಕರಿ ವಿಜ್ಞಾನ ಕಲಿಸಿ ನಿವೃತ್ತನಾದವನು ನಾನು. ಬ್ಯಾಟರಿಯ ಪಾಠವೂ ಅದರಲ್ಲಿ ಸೇರಿತ್ತು ಎಂಬುದು ನಿಮ್ಮ ನೆನಪಿನಲ್ಲಿರಲಿ.

ನಮ್ಮ ಕಡೆ ದಸರೆಗೆ ಮನೆಯಲ್ಲಿ ಘಟ್ಟ ಹಾಕುತ್ತಾರೆ, ಅಂದರೆ ಕಳಸ ಇಟ್ಟು ದೇವರನ್ನು ಕೂರಿಸುತ್ತಾರೆ. ದೇವರ ಮುಂದಿನ ನಂದಾದೀಪ ಹಬ್ಬ ಮುಗಿಯುವತನಕ ಆರಬಾರದು. 'ಆರಿಸು' ಎಂಬ ಮಾತನ್ನೂ ಆಡಬಾರದು, 'ಶಾಂತ ಮಾಡು' ಎನ್ನಬೇಕು. ಕೆಲವು ವರ್ಷಗಳ ಹಿಂದೆ ಕಾರಿನ ಪೂಜೆ ಮಾಡುವಾಗ ಅದರ ದೀಪಗಳನ್ನೂ ಹಚ್ಚಿದೆ. ಮನೆಯ ದೀಪಕ್ಕೊಂದು ನ್ಯಾಯ, ಕಾರಿನ ದೀಪಕ್ಕೊಂದು ನ್ಯಾಯ ಯಾಕೆ ಎಂದು ಹಾಗೇ ಬಿಟ್ಟೆ. ನನ್ನಾಕೆ ಬಾಗಿಲಲ್ಲಿ ನಿಂತು, "ಅದಕ್ಕ ಎಣ್ಣಿ ಯಾರು ಹಾಕ್ತಾರ್ರಿ?" ಅಂದಳು. ನಾನು ನಕ್ಕು ಒಳಗೆ ಹೋದೆ. ಮಾಸ್ತರಿಕೆ ಎಂದರೆ ಹಾಗೇ, ಇನ್ನೊಬ್ಬರು ಹೇಳಿದ್ದು ಕಿವಿಗೆ ಬೀಳುವುದಿಲ್ಲ.

ಮರುದಿನ ವಿಜಯದಶಮಿ, ನಮ್ಮ ಬನ್ನಿ ಹಬ್ಬ. ಸಂಜೆ ಲಿಂಗಸುಗೂರಿಗೆ ಹೋಗಿ ಅಣ್ಣನಿಗೆ ಬನ್ನಿ ಕೊಟ್ಟು ಕಾಲು ಮುಟ್ಟಬೇಕೆಂದು ಎದೆ ಗಟ್ಟಿ ಮಾಡಿಕೊಂಡಿದ್ದೆ. ಮೂರು ವರ್ಷದಿಂದ ನಾವಿಬ್ಬರೂ ಮಾತಾಡಿರಲಿಲ್ಲ. ಮಗಳ ಮದುವೆಯ ಕಾರ್ಡಿನಲ್ಲಿ 'ಸುಖಾಗಮನ ಬಯಸುವವರು' ಎಂಬ ಸಾಲಿನಲ್ಲಿ ಷಡ್ಡಕರ, ನೆಂಟರ, ಸಹೋದ್ಯೋಗಿಗಳ ಹೆಸರೆಲ್ಲ ಇದ್ದವು. ಅಣ್ಣನ ಹೆಸರೇ ಇರಲಿಲ್ಲ. ನನ್ನನ್ನು ಓದಿಸಿದ ಅಣ್ಣ! ಬರೆದುಕೊಟ್ಟವನು ನಾನು, ತಪ್ಪು ಹೊರಿಸಿದ್ದು ಪ್ರೆಸ್ಸಿನವರ ಮೇಲೆ. ಅವನು ಮದುವೆಗೆ ಬರಲಿಲ್ಲ. ನಾನೂ ಹೋಗಿ ಕೇಳಲಿಲ್ಲ. ನೆನೆಸಿಕೊಂಡರೆ ಈಗಲೂ ನಾಚಿಕೆಯಾಗುತ್ತದೆ.

ಹೊರಡಲು ಕೀಲಿ ತಿರುವಿದರೆ ಕಾರು ಟಕ್ ಎಂದು ಸುಮ್ಮನಾಯಿತು. ನನಗೆ ಒಳಗೊಳಗೇ ಒಂದಿಷ್ಟು ಸಮಾಧಾನವೂ ಆಯಿತು, ಸುಳ್ಳು ಯಾಕೆ ಹೇಳಲಿ. ಆದರೆ ನನ್ನಾಕೆ ಆಗಲೇ ಮಹಬೂಬಸಾಬನಿಗೆ ಫೋನ್ ಹಚ್ಚಿಬಿಟ್ಟಿದ್ದಳು.

ಮಹಬೂಬಸಾಬನದು ಮಸ್ಕಿ ರಸ್ತೆಯಲ್ಲಿ ಬ್ಯಾಟರಿ ಅಂಗಡಿ. ಗೊರೇಬಾಳದಲ್ಲಿ ಯಾರದೋ ಟ್ರ್ಯಾಕ್ಟರ್ ನೋಡುತ್ತಿದ್ದವನು ತನ್ನ ಹಳೆಯ ಜೀಪಿನಲ್ಲಿ ನೇರ ಇಲ್ಲಿಗೇ ಬಂದ.

"ಬ್ಯಾಟ್ರಿ ಸತ್ತೈತಿ ನೋಡಪಾ," ಅಂದೆ.

"ಹಬ್ಬದ ದಿನ ಸತ್ತೈತಿ ಅಂತ ಯಾಕಂತೀರಿ ಮಾಸ್ತರ? ಕುಂತೈತಿ. ಕುಂತದ್ದು ಏಳ್ತೈತಿ."

ಅವನ ಕೆಲಸವನ್ನು ನೀವು ನೋಡಬೇಕಿತ್ತು. ಬ್ಯಾಟರಿಯ ಕಿವಿಗಳಿಗೆ, ಅಂದರೆ ವೈರು ಕಚ್ಚುವ ತುದಿಗಳಿಗೆ, ಹಿಡಿದಿದ್ದ ಬಿಳಿ ಬೂಷ್ಟನ್ನು ಬಿಸಿನೀರಿನಿಂದ ತೊಳೆದು, ಒರೆಸಿ, ಒಣಗಿಸಿದ. ಜೀಪನ್ನು ಎದುರಿಗೆ ತಂದು ಕೆಂಪು ವೈರಿನಿಂದ ಎರಡೂ ಬ್ಯಾಟರಿಗಳ ಪ್ಲಸ್ ಕೂಡಿಸಿದ. ಕರಿ ವೈರಿನ ಒಂದು ತುದಿ ಜೀಪಿನ ಮೈನಸ್ಸಿಗೆ ಹೋಯಿತು. ಇನ್ನೊಂದನ್ನು ನನ್ನ ಬ್ಯಾಟರಿಗೆ ಹಾಕದೆ ದೂರದಲ್ಲಿ ಇಂಜಿನ್ನಿನ ಬರಿ ಕಬ್ಬಿಣಕ್ಕೆ ಕಚ್ಚಿಸಿದ. "ಕಡೀಕ ಕಿಡಿ ಹಾರ್ತೈತ್ರಿ. ಬ್ಯಾಟ್ರಿ ಹತ್ರ ಕಿಡಿ ಬ್ಯಾಡ." ಪುಸ್ತಕದಲ್ಲಿ ನಾನು ಓದಿ ಹೇಳಿದ್ದನ್ನು ಅವನ ಬೆರಳುಗಳು ತಿಳಿದಿದ್ದವು. ಎಂಥ ಶಿಸ್ತು, ಎಂಥ ತಾಳ್ಮೆ! ಸುಮ್ಮನೆ ನಿಲ್ಲಲಾರದೆ ನಾನು ಅಣ್ಣನ ವಿಷಯವನ್ನೆಲ್ಲ ಅವನಿಗೆ ಒದರಿಬಿಟ್ಟೆ. ಅವನು ಒಮ್ಮೆ ತಲೆ ಎತ್ತಿ ನನ್ನ ಮುಖ ನೋಡಿ ಮತ್ತೆ ವೈರಿನ ಕಡೆ ಬಗ್ಗಿದ.

ಕಾರು ಎದ್ದಿತು. ವೈರು ಬಿಚ್ಚಿ, ಕಿವಿಗಳಿಗೆ ವ್ಯಾಸಲೀನ್ ಸವರಿ ಮಹಬೂಬಸಾಬ ಹೇಳಿದ, "ಲಿಂಗಸೂರು ಮಟ ಎಲ್ಲೂ ಬಂದ್ ಮಾಡಬ್ಯಾಡ್ರಿ. ಬಂದ್ ಮಾಡಿದ್ರ ಮುಗೀತು."

ಮಸ್ಕಿಯಲ್ಲಿ ನಾನು ಯಾವಾಗಲೂ ನಿಲ್ಲುವ ಚಹಾದಂಗಡಿ ಇದೆ. ಅಲ್ಲಿ ಕೂತು ನಿಧಾನಕ್ಕೆ ಒಂದು ನೆಪ ಹುಡುಕಿ ವಾಪಸ್ಸಾಗಬಹುದು ಎಂಬ ಆಸೆ ದಾರಿಯುದ್ದಕ್ಕೂ ಇತ್ತು. ಆದರೆ ಗುರುಗುಟ್ಟುವ ಗಾಡಿಯನ್ನು ರಸ್ತೆಯಲ್ಲಿ ಬಿಟ್ಟು ಯಾರಾದರೂ ಹೇಗೆ ವಿಚಾರ ಮಾಡುತ್ತ ಕೂಡಲು ಸಾಧ್ಯ? ಚಹಾ ಕುಡಿಯದೆ ಮುಂದೆ ಹೋದೆ.

ಅಣ್ಣನ ಮನೆಯ ಮುಂದೆ ಕಾರು ಗುರುಗುಡುತ್ತಲೇ ನಿಂತಿತು. ನಾನು ಇಳಿಯದೆ ಒಳಗೇ ಕೂತಿದ್ದೆ. ಸಪ್ಪಳಕ್ಕೆ ಅವನೇ ಹೊರಗೆ ಬಂದ. ಸೊರಗಿದ್ದ.

"ಬಂದ್ ಮಾಡಲೇ ಅದನ್ನ. ಓಣಿ ತುಂಬ ಹೊಗಿ."

"ಬಂದ್ ಮಾಡಿದ್ರ ಮತ್ತ ಚಾಲೂ ಆಗಂಗಿಲ್ಲಣ್ಣಾ. ಬನ್ನಿ ಕೊಟ್ಟು ಹೋಗಿಬಿಡ್ತೀನಿ."

"ಆಗದಿದ್ರ ಇಲ್ಲೇ ಇರು. ಇದು ನಿನ್ನ ಮನಿ ಅಲ್ಲೇನು?"

ಕೀಲಿ ತಿರುವಿದೆ. ಓಣಿ ಒಮ್ಮೆಲೇ ನಿಶ್ಶಬ್ದವಾಯಿತು. ಇಳಿದು, ಬನ್ನಿ ಎಲೆ ಅವನ ಕೈಯಲ್ಲಿಟ್ಟು ಕಾಲು ಮುಟ್ಟಿದೆ. "ಹೆಸರು ಬಿಟ್ಟಿದ್ದು ಪ್ರೆಸ್ಸಿನವರಲ್ಲಣ್ಣಾ, ನಾನು," ಅಂದೆ.

"ಗೊತ್ತಿತ್ತು. ಅಷ್ಟು ಹೇಳಾಕ ಮೂರು ವರ್ಷ ಬೇಕಾತೇನಲೇ?" ಅಂದ. ನಾನು ಅತ್ತುಬಿಟ್ಟೆ.

ಮರುದಿನ ಬೆಳಿಗ್ಗೆ ಕೀಲಿ ತಿರುವಿದರೆ ಕಾರು ಒಂದೇ ಸಲಕ್ಕೆ ಚಾಲೂ ಆಯಿತು. ಸಿಂಧನೂರಿಗೆ ಬಂದವನೇ, ಇದು ಹೇಗಾಯಿತೆಂದು ಮಹಬೂಬಸಾಬನನ್ನು ಕೇಳಿದೆ. ಅವನು ತಲೆ ಎತ್ತಲಿಲ್ಲ. "ತಾಸಿನ ಮ್ಯಾಲ ಓಡಿದ ಗಾಡಿ ತಾನಽ ಚಾರ್ಜ್ ಆಗ್ತೈತ್ರಿ. ನೀವು ವಿಜ್ಞಾನದ ಮಾಸ್ತರ, ನಿಮಗ ಗೊತ್ತಿರ್ತೈತಿ ಅನ್ಕೊಂಡಿದ್ದೆ."

"ಮತ್ತ ಬಂದ್ ಮಾಡಬ್ಯಾಡ್ರಿ ಅಂದ್ಯಲ್ಲ?"

"ನಿಮ್ಮ ಮಾರಿ ನೋಡಿದೆ. ಮಸ್ಕ್ಯಾಗ ನಿಂತ್ರ ಹಿಂದಕ ಬರೋ ಮಾರಿ ಅದು."

ಅಂದಿನಿಂದ ಬ್ಯಾಟರಿಯ ಕಿವಿಗಳನ್ನು ನಾನೇ ತೊಳೆದು ವ್ಯಾಸಲೀನ್ ಸವರುತ್ತೇನೆ. ವಾರಕ್ಕೊಮ್ಮೆ ಗಾಡಿ ಓಡಿಸುತ್ತೇನೆ. ಪೂಜೆಗೆ ಹಚ್ಚಿದ ಕಾರಿನ ದೀಪವನ್ನು ಮಂಗಳಾರತಿ ಮುಗಿದ ಕೂಡಲೇ ಶಾಂತ ಮಾಡುತ್ತೇನೆ. ಈ ಸಂಜೆಯೂ ಮಾಡಿಯಾಗಿತ್ತು. ಆದರೂ ಫೋನಿನಲ್ಲಿ ಅಣ್ಣನಿಗೆ, "ಅಯ್ಯ, ಮರ್ತೇಬಿಟ್ಟೀನಣ್ಣಾ," ಅಂದೆ.

"ಥೂ ನಿನ್ನ! ಮಾಸ್ತರಂತ ಮಾಸ್ತರ! ಅಲ್ಲೇ ಇರು, ಈ ಸಲ ಬನ್ನಿ ಕೊಡಾಕ ನಾನಽ ಬರ್ತೀನಿ."

ನನ್ನಾಕೆ ಎಲ್ಲ ಕೇಳಿಸಿಕೊಂಡಿದ್ದಳು. ಒಳಗೆ ಹೋಗಿ ಹೋಳಿಗೆಗೆ ಇನ್ನೊಂದು ಪಾವು ಬೇಳೆ ನೆನೆಹಾಕಿದಳು.