ಕಲಾಯಿ ಹಿಡಿಯದ ಜಾಗ

ನಿಜಗುಣಪ್ಪ ಮಾಸ್ತರರು ಅಲ್ಮಾಸಳನ್ನು ಮೊದಲು ಕಂಡದ್ದು ೧೯೯೬ರ ಬೇಸಿಗೆಯಲ್ಲಿ, ಯರಗಟ್ಟಿಯ ಬಸ್ ನಿಲ್ದಾಣದ ಹಿಂದಿನ ಬೇವಿನ ಮರದಡಿ. ಏಳನೆಯ ಇಯತ್ತೆಯ ಹುಡುಗಿ ತಿದಿ ಒತ್ತುತ್ತಿದ್ದಳು. ತಂದೆ ಬುರಾನಸಾಬ ಕಲಾಯಿಗಾರ. ಕಾಯ್ದ ಹಿತ್ತಾಳೆಯ ಒಳಮೈಗೆ ನವಸಾಗರದ ಪುಡಿ ಉದುರಿಸಿ, ತವರದ ಕಡ್ಡಿ ತಾಗಿಸಿ, ಅರಿವೆಯಿಂದ ಒಮ್ಮೆ ಬಳಿದನೆಂದರೆ ಪಾತ್ರೆ ಬೆಳ್ಳಗೆ ಹೊಳೆಯುತ್ತಿತ್ತು. ಸ್ಟೀಲು ಬಂದ ಮೇಲೆ ಗಿರಾಕಿಗಳು ಕಡಿಮೆಯಾಗಿದ್ದರು. ಉಳಿದವರು ಅವನ ಕೈಯ ಹೆಸರಿಗೆ ಬರುತ್ತಿದ್ದರು.

ಅಂದು ಆ ಹೆಸರೇ ಹೋಗುವ ಹಾಗಿತ್ತು. ಗಂಗೂಬಾಯಿಯವರು ಮಗಳ ಮದುವೆಗೆಂದು ಕಲಾಯಿ ಹಾಕಿಸಿದ ಹುಳಿಯ ಕೊಳಗವನ್ನು ಮೂರನೆಯ ಸಲ ಮರಳಿ ತಂದಿದ್ದರು.

“ನೋಡು ಬುರಾನಸಾಬ, ಇಷ್ಟಗಲ ಬೋಳು ಅದ. ಹುಣಸೀಹುಳಿ ಕುದ್ದರ ಕಿಲಬ ಏಳೂದಿಲ್ಲೇನು? ಬೀಗರ ಬಾಯಿ ಕಹಿ ಮಾಡಿ ಕಳಸ್ಲ್ಯಾ?”

“ತವರದಾಗ ಕಲಬೆರಕಿ ಐತ್ರಿ, ಬಾಯಾರ.”

“ಹಂಗಾರ ಉಳಿದ ಕಡೆ ಹೆಂಗ ಹಿಡೀತಪಾ? ಇದೊಂದ ಜಾಗದ ಮ್ಯಾಲೆ ತವರಕ್ಕ ಸಿಟ್ಟು ಬಂತೇನು?”

ಬುರಾನಸಾಬ ತಲೆ ತಗ್ಗಿಸಿದ. “ಈ ಸಲನೂ ಹಿಡೀಲಿಲ್ಲಂದ್ರ ನಾಳಿಂದ ಒಲಿ ಹಚ್ಚೂದಿಲ್ಲ” ಎಂದು ಗೊಣಗಿದ.

ಅಲ್ಮಾಸ ಕೊಳಗದೊಳಗೆ ಬಗ್ಗಿ ನೋಡಿದಳು. ಬೋಳು ಜಾಗಕ್ಕೆ ಐದು ಬೆರಳಿದ್ದವು. ಉಜ್ಜಿದ ಪಾತ್ರೆಯ ಒಳಮೈ ಮುಟ್ಟಬಾರದೆಂಬುದು ಅವರ ಮನೆಯ ಕಟ್ಟಳೆ. ಅವಳು ಸುಮ್ಮನಿದ್ದರೆ ತವರದ ವ್ಯಾಪಾರಿಗೆ ಬೈಗುಳ ಬೀಳುತ್ತಿತ್ತು, ಆದರೆ ತಂದೆಯ ಒಲೆ ಆರುತ್ತಿತ್ತು. ಅವಳು ಅಂಗೈಯನ್ನು ಆ ಗುರುತಿನ ಮೇಲಿಟ್ಟಳು. ಸರಿಯಾಗಿ ಕೂತಿತು.

“ಅಬ್ಬಾ, ಇದು ನನ್ನ ಕೈ. ಮೊದಲನೇ ಸಲ ಉಜ್ಜಿದ ಮ್ಯಾಲೆ ನಾನಽ ಎತ್ತಿಟ್ಟಿದ್ದೆ. ತಲಿಗೆ ಎಣ್ಣಿ ಹಚ್ಚಿ ಕೈ ತೊಳದಿದ್ದಿಲ್ಲ. ಆಮ್ಯಾಲೆ ಮತ್ತ ಉಜ್ಜದಽ ತವರಾ ಬಳದ್ವಿ.”

ಬುರಾನಸಾಬ ಬಾಯಿ ತೆರೆಯುವ ಮೊದಲೇ ಗಂಗೂಬಾಯಿ ನಕ್ಕುಬಿಟ್ಟರು. “ಅಯ್ಯ ನಮ್ಮವ್ವ! ನನ್ನ ಮಗಳ ಮದುವಿಗೆ ಮೊದಲನೇ ಹಸ್ತಾ ನಿಂದಽ ಆತು!”

ತಂದೆ ಬೈಯಲಿಲ್ಲ, ಮರಳು, ಹುಣಸೆಹಣ್ಣು ಮುಂದಿಟ್ಟ. ಅವಳು ಬೆವರಿಳಿಯುವವರೆಗೆ ಉಜ್ಜಿದಳು. ನಾಲ್ಕನೆಯ ಸಲ ತವರ ಆ ಜಾಗದ ಮೇಲೂ ತಡೆಯಿಲ್ಲದೆ ಹರಿಯಿತು.

ಕಲಾಯಿಗೆಂದು ತಂಬಿಗೆ ಹಿಡಿದು ನಿಂತಿದ್ದ ಮಾಸ್ತರರನ್ನು ಆಗ ಅವಳು ಕೇಳಿದಳು: “ಸರ್, ಅಷ್ಟ ಬೆಂಕ್ಯಾಗ ಎಣ್ಣಿ ಸುಟ್ಟ ಹೋಗಿರತೈತಲ್ಲರಿ? ಮತ್ತ ಯಾಕ ಹಿಡೀಲಿಲ್ಲ?”

ಮಾಸ್ತರರು ಕೆಮ್ಮಿದರು. “ನನಗ ಗೊತ್ತಿಲ್ಲವಾ. ನೀನಽ ಓದಿ ಬಂದು ನನಗ ಹೇಳು.”

ಓದಿದಳು. ಸವದತ್ತಿಯಲ್ಲಿ ಕಾಲೇಜು, ಧಾರವಾಡದಲ್ಲಿ ಎಂ.ಎಸ್ಸಿ. ೨೦೦೬ರಲ್ಲಿ ವಸ್ತುವಿಜ್ಞಾನದ ಸಂಶೋಧನೆಗೆ ಸಂದರ್ಶನವಾಯಿತು. ಈ ವಿಷಯದಲ್ಲಿ ಆಸಕ್ತಿ ಎಲ್ಲಿ ಹುಟ್ಟಿತೆಂದು ಕೇಳಿದವರಿಗೆ ಕೊಳಗದ ಕಥೆಯನ್ನೇ ಹೇಳಿದಳು, ಆಯ್ಕೆಯಾದಳು. ಎಣ್ಣೆ ಸುಟ್ಟರೂ ಕಣ್ಣಿಗೆ ಕಾಣದ ಮಸಿಯ ಪೊರೆ ಉಳಿಯುತ್ತದೆ, ಕರಗಿದ ತವರ ಅದರ ಮೇಲೆ ಹರಡದೆ ಹನಿಯಾಗಿ ಸರಿಯುತ್ತದೆ ಎಂದು ಮಾಸ್ತರರಿಗೂ ಬಂದು ಹೇಳಿ ಹೋದಳು.

ಈಗ ೨೦೦೯. ಎಷ್ಟು ಜಿಡ್ಡಿದ್ದರೆ ತವರ ಹಿಂದೆಗೆಯುತ್ತದೆ ಎಂಬುದನ್ನು ಅಳೆಯುವುದೇ ಅವಳ ಕೆಲಸ. ರಜೆಗೆ ಬರುವಾಗ ಉಜ್ಜಿದ ತಾಮ್ರದ ಪಟ್ಟಿಗಳನ್ನು ಡಬ್ಬಿಯಲ್ಲಿ ತರುತ್ತಾಳೆ. ಬೇರೆ ಬೇರೆಯವರ ಬೆರಳ ಜಿಡ್ಡಿನ ಗುರುತು ಬೇಕು. ತಾಯಿ ಹಮೀದಾಬಿ ನಗುತ್ತಾ ಒತ್ತಿಕೊಡುತ್ತಾಳೆ. ಬುರಾನಸಾಬನ ಹೆಬ್ಬೆರಳು ಮಾತ್ರ ಪಟ್ಟಿಯ ಮೇಲೆ ಗಾಳಿಯಲ್ಲೇ ನಿಲ್ಲುತ್ತದೆ.

“ಉಜ್ಜಿದ್ದೈತಲ್ಲ, ಬೇಟಿ. ಕೈ ಒಲ್ಲದು.”

ಅಲ್ಮಾಸ ಆ ಹೆಬ್ಬೆರಳನ್ನು ಹಿಡಿದು, ತಾನೇ ಮೆಲ್ಲಗೆ ಒತ್ತಿಸುತ್ತಾಳೆ.