ಕ್ಲಾಸು ಬಿಟ್ಟವಳಿಗೆ ಒಂದು ಫೋನ್

ಗೆಳೆಯರೇ, ನಾವು ನಡೆಸುವ ಕಾರ್ಯಕ್ರಮಗಳಿಂದ ಯಾರಿಗೆ ಏನು ಪ್ರಯೋಜನವಾಯಿತೆಂದು ನಾವೇ ಪರಿಶೀಲಿಸಲು ಕಲಿಯುವ ತರಬೇತಿ ಇವತ್ತು ಮೂಡುಬಿದಿರೆಯ ನಮ್ಮ ಯುವಕ ಮಂಡಲದಲ್ಲಿತ್ತು. "ಮಧ್ಯದಲ್ಲಿ ಬಿಟ್ಟುಹೋದವರನ್ನು ಕೇಳಿದ್ದೀರಾ?" ಎಂದರು ತರಬೇತಿಯ ಮೇಡಂ.

"ಇಂಗ್ಲಿಷ್ ಕ್ಲಾಸಿಗೆ ತೋಡಾರಿನ ಶ್ವೇತಾ ಬರ್ತಾ ಇದ್ದಳು. ಆಸಕ್ತಿ ಇಲ್ಲದೆ ಬಿಟ್ಟಳು," ಎಂದರು ಆ ಕ್ಲಾಸು ತೆಗೆದುಕೊಳ್ಳುವ ನಮ್ಮ ಅಧ್ಯಕ್ಷರು. ಮೇಡಂ ಒತ್ತಾಯಿಸಿದ್ದಕ್ಕೆ ಅವರೇ ಅವಳಿಗೆ ಫೋನ್ ಮಾಡಿ, ಸ್ಪೀಕರ್ ಹಾಕಿ ಕಾರಣ ಕೇಳಿದರು.

"ಆಸಕ್ತಿ ಇತ್ತು ಸರ್. ನಾನು ಎದ್ದು ಮಾತಾಡಿದಾಗ ಎಲ್ಲ ನಗಾಡಿದ್ರು. ನೀವೂ ನಗಾಡಿದ್ರಿ."

ಅಧ್ಯಕ್ಷರ ಮುಖ ಸಣ್ಣದಾಯಿತು. "ತಪ್ಪಾಯ್ತಮ್ಮ. ಪುನಃ ಬರ್ತೀಯಾ?"

"ಬೇಡ ಸರ್. ಇನ್ನು ಬರುವವರಿಗಾದ್ರೂ ನಗಾಡ್ಬೇಡಿ."

ಆ ಕ್ಲಾಸು ಉಲ್ಲಾಸದ ವಾತಾವರಣದಲ್ಲಿ ನಡೆಯಿತೆಂದು ನಮ್ಮ ವಾರ್ಷಿಕ ವರದಿಯಲ್ಲಿ ಬರೆದಿದ್ದೇವೆ.